ಪೆನಾಂಗಿನ ಕಡಲಿನಲ್ಲಿ ಭಾವನ ಕರಡಿಗೆ

ಹೊರಟದ್ದು

ಮಾಗಡಿಯಿಂದ ಮಲೇಷಿಯಾಕ್ಕೆ ಯಾವ ದಾರಿಯಲ್ಲಿ ಹೋದಿರಿ ಎಂದು ಯಾರಾದರೂ ಕೇಳಿದರೆ, ಪಿವಿಸಿ ಪೈಪಿನೊಳಗಿಂದ ಎನ್ನುತ್ತೇನೆ. ಮಾಗಡಿಯಲ್ಲಿ ನನ್ನದೊಂದು ಪಂಪುಸೆಟ್ಟು ಮತ್ತು ಪೈಪಿನ ಅಂಗಡಿ. ಆ ವರ್ಷ ನಮ್ಮ ಸುತ್ತಮುತ್ತ ಬೋರು ಕೊರೆಸಿದವರು ನೀರು ಕಂಡರೋ ಇಲ್ಲವೋ, ಪೈಪನ್ನಂತೂ ಕಂಡರು. ಪೈಪು ಕಂಪನಿಯವರಿಗೆ ನನ್ನ ಮೇಲೆ ಪ್ರೀತಿ ಉಕ್ಕಿ, ಬೇರೆ ಊರುಗಳ ಡೀಲರುಗಳ ಜೊತೆ ನಿಮ್ಮನ್ನೂ ಪೆನಾಂಗ್ ದ್ವೀಪಕ್ಕೆ ಕಳಿಸುತ್ತೇವೆ, ಹೆಂಡತಿಯನ್ನೂ ಕರೆತನ್ನಿ ಎಂದರು. ನನ್ನ ಹೆಂಡತಿ ಗಿರಿಜ ನೆಲ ಬಿಟ್ಟು ಮೇಲೇಳುವ ಯಾವುದನ್ನೂ ನಂಬುವವಳಲ್ಲ. ಮನೆ ಕಟ್ಟಿಸುವಾಗ ಮಹಡಿಯನ್ನೇ ಬೇಡವೆಂದವಳು. ನನ್ನ ಬದಲು ನಮ್ಮಣ್ಣ ಹೋಗಲಿ, ಪಾಪ, ಏನು ನೋಡಿದ್ದಾನೆ ಎಂದಳು. ಹೀಗೆ ಹೆಂಡತಿಯ ಜಾಗದಲ್ಲಿ ಭಾವಮೈದನನ್ನು ಕೂರಿಸಿಕೊಂಡು ಮಧುಚಂದ್ರದ ದ್ವೀಪಕ್ಕೆ ಹೊರಟ ಮಾಗಡಿಯ ಮೊದಲ ಮನುಷ್ಯ ನಾನೇ ಇರಬೇಕು.

ರುದ್ರಪ್ಪ ಭಾವ ತಿಪ್ಪಸಂದ್ರದವರು. ರಾಗಿ, ಅವರೆ, ನಾಲ್ಕು ಮಾವಿನ ಮರ, ಇಷ್ಟು ಅವರ ಪ್ರಪಂಚ. ನನಗಿಂತ ತುಂಬ ದೊಡ್ಡವರು, ಮಾತು ಕಡಿಮೆ. ಶುಗರ್ ಕಾಯಿಲೆಗೆ ಎರಡು ಹೊತ್ತು ಮಾತ್ರೆ ನುಂಗುತ್ತಾರೆ. ಮಾತ್ರೆಗೆ ಮುಂಚೆ ಊಟ, ಊಟಕ್ಕೆ ಮುಂಚೆ ಲಿಂಗಪೂಜೆ, ಪೂಜೆಗೆ ಮುಂಚೆ ಸ್ನಾನ. ಇದರಲ್ಲಿ ಒಂದು ತಪ್ಪಿದರೆ ಮುಂದಿನದು ನಡೆಯುವುದಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ನಡೆದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮಲ್ಲಿ ದೇವರನ್ನು ಎದೆಯ ಮೇಲೆ ಇಟ್ಟುಕೊಂಡೇ ಓಡಾಡುತ್ತೇವೆ. ಕಪ್ಪು ಬಣ್ಣದ ಪುಟ್ಟ ಲಿಂಗ, ಅದನ್ನಿಡಲು ಮುಚ್ಚಳವಿರುವ ಒಂದು ಉರುಟು ಡಬ್ಬಿ. ಮೊಟ್ಟೆಯಾಕಾರದ್ದು ಎಂದರೆ ಭಾವನಿಗೆ ಬೇಜಾರಾಗುತ್ತದೆ, ಆದ್ದರಿಂದ ನಿಂಬೆಹಣ್ಣಿನ ಆಕಾರದ್ದು ಎನ್ನೋಣ. ಆ ಡಬ್ಬಿಯೇ ಕರಡಿಗೆ. ಅದು ದಾರದಲ್ಲಿ ಕೊರಳಿನಿಂದ ಇಳಿದು ಬನಿಯನ್ನಿನೊಳಗೆ ಇರುತ್ತದೆ. ತನ್ನ ಲಿಂಗವನ್ನು ಇನ್ನೊಬ್ಬರಿಗೆ ತೋರಿಸಬಾರದು, ಇನ್ನೊಬ್ಬರದನ್ನು ನೋಡಲು ಹೋಗಬಾರದು. ಹಾಗಾಗಿ ಇಷ್ಟು ವರ್ಷದ ನೆಂಟಸ್ತನದಲ್ಲಿ ನಾನು ಭಾವನ ಎದೆಯ ಮೇಲೆ ಒಂದು ಉಬ್ಬನ್ನು ಕಂಡಿದ್ದೆನೇ ಹೊರತು ಕರಡಿಗೆಯನ್ನಲ್ಲ. ಆದರೆ ಗಿರಿಜಳ ತವರಿನಲ್ಲಿ ಗಂಡಸರಿಗೆಲ್ಲ ಬೆಳ್ಳಿಯದೇ ಎಂದು ಊರಿಗೇ ಗೊತ್ತು. ಮನೆ ಮಾತಿನಲ್ಲಿ ಅದನ್ನು ಬೆಳ್ಳಿಕಾಯಿ ಎನ್ನುತ್ತಾರೆ. ಮದುವೆಯಲ್ಲಿ ನನಗೂ ಒಂದು ಕೊಟ್ಟರು. ಅದು ನಮ್ಮ ದೇವರ ಗೂಡಿನಲ್ಲಿ ಸುಖವಾಗಿದೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನನ್ನು ಪೊಲೀಸರು ಬೇಕಾದಷ್ಟು ತಡವಿದರು. ಬೆಲ್ಟು ಬಿಚ್ಚಿದೆ, ಚಿಲ್ಲರೆ ತೆಗೆದೆ, ಆದರೂ ಯಂತ್ರ ಕೂಗಿತು. ಕೊನೆಗೆ ನೋಡಿದರೆ ನನ್ನ ಸೊಂಟದ ಬೆಳ್ಳಿ ಉಡುದಾರ. ಹಿಂದಿ ಮಾತಾಡುವ ಹುಡುಗನಿಗೆ ಉಡುದಾರ ಯಾಕೆ ಕಟ್ಟುತ್ತೇವೆ ಎಂದು ವಿವರಿಸುವಷ್ಟರಲ್ಲಿ, ಕಾರಣ ನನಗೂ ಸರಿಯಾಗಿ ಗೊತ್ತಿಲ್ಲವೆಂಬುದು ಹೊಳೆಯಿತು. ನನ್ನ ಹಿಂದಿದ್ದ ಭಾವ ಯಾವ ಗಲಾಟೆಯೂ ಇಲ್ಲದೆ ದಾಟಿ ಬಂದು, ಅಪರೂಪಕ್ಕೆ ನಕ್ಕರು. ಅದಕ್ಕೂ ಮುಂಚೆ, ಬಾಗಿಲವರೆಗೆ ಬಂದಿದ್ದ ಗಿರಿಜ ಬೀಳ್ಕೊಡುವಾಗ ಹೇಳಿದ್ದು ಒಂದೇ ಮಾತು. ನಮ್ಮಣ್ಣನನ್ನು ಹೆಂಗೆ ಕರಕೊಂಡು ಹೋಗುತ್ತಿದ್ದೀರೋ ಹಂಗೇ ಕರಕೊಂಡು ಬರಬೇಕು ಎಂದಳು. ನನ್ನ ವಿಷಯ ಎತ್ತಲಿಲ್ಲ.

"ಲಾ" ಎನ್ನುವ ಊರು

ಪೆನಾಂಗಿನಲ್ಲಿ ಎಲ್ಲವೂ ಶಿಸ್ತು. ಕಾರುಗಳು ಹಾರ್ನ್ ಮಾಡುವುದಿಲ್ಲ. ರಾಮನಗರದ ಬಸ್‌ಸ್ಟ್ಯಾಂಡಿನಲ್ಲಿ ಬೆಳೆದ ಕಿವಿಗೆ ಇದು ಕಿವುಡು ಬಂದ ಹಾಗೆ ಅನಿಸುತ್ತದೆ. ಚಹಾ ಅಂಗಡಿಯವನು ಒಂದು ಮಗ್ಗಿನಿಂದ ಇನ್ನೊಂದಕ್ಕೆ ಚಹಾವನ್ನು ಮಾರುದ್ದ ಎತ್ತರದಿಂದ ಸುರಿಯುತ್ತಾನೆ. ನಮ್ಮಲ್ಲೂ ಸುರಿಯುತ್ತಾರೆ, ಆದರೆ ಆರಿಸಲು. ಇಲ್ಲಿ ಅದನ್ನೊಂದು ವಿದ್ಯೆ ಮಾಡಿ, ಫೋಟೋ ತೆಗೆಯಲು ಜನ ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ಚಹಾ ಆರಿರುತ್ತದೆ.

ತೊಂದರೆ ಶುರುವಾದದ್ದು ಮಾತಿನಲ್ಲಿ. ಆ ದೇಶದವರು ಇಂಗ್ಲಿಷ್ ಮಾತಾಡುವಾಗ ಪ್ರತಿ ವಾಕ್ಯದ ಬಾಲಕ್ಕೂ "ಲಾ" ಸೇರಿಸುತ್ತಾರೆ. ಓಕೆ ಲಾ, ನೋ ಲಾ, ಕಮ್ ಲಾ. ಅಲ್ಲಿ ಅದು ಸಲಿಗೆ, ಸೌಜನ್ಯ. ನಮ್ಮ ಕಡೆ "ಲಾ" ಎನ್ನುವುದು ಜೊತೆಯಲ್ಲಿ ಎಮ್ಮೆ ಕಾದವರು ಮಾತ್ರ. ಹೋಟೆಲಿನ ಕೌಂಟರಿನಲ್ಲಿದ್ದ ಹುಡುಗಿ ಭಾವನ ಪಾಸ್‌ಪೋರ್ಟ್ ಇಸಿದುಕೊಂಡು, ನಗುನಗುತ್ತ, ಥ್ಯಾಂಕ್ಯೂ ಲಾ ಎಂದಳು. ಲಿಫ್ಟಿನೊಳಗೆ ಹೋದ ಮೇಲೆ ಭಾವ ನನ್ನ ಕಡೆ ತಿರುಗಿದರು.

"ನಾನೇನು ಆ ಮಗೀಗೆ ಸಮವಯಸ್ಕನಾ ಮಲ್ಲೇಶಪ್ಪ?" ಎಂದರು.

ಅದು ಇಲ್ಲಿಯ ಮರ್ಯಾದೆ ಎಂದು ಸಮಾಧಾನ ಮಾಡಿದೆ. ಮರ್ಯಾದೆ ಅಂದರೆ ನಾವೂ ಕೊಡಬೇಕಲ್ಲ ಎಂದು, ಮಾರನೆಯ ಬೆಳಿಗ್ಗೆ ತಿಂಡಿ ಬಡಿಸಿದ ಹುಡುಗನಿಗೆ ಭಾವ ಗಂಭೀರವಾಗಿ "ಸಾಕು ಕಣ್ಲಾ" ಎಂದರು. ಅವನಿಗೆ ಬಹಳ ಸಂತೋಷವಾಯಿತು.

ಕಡಲು

ಮಾಗಡಿ ಸೀಮೆಯವರಿಗೆ ನೀರೆಂದರೆ ಎರಡೇ ಬಗೆ. ಕೆರೆಯಲ್ಲಿ ನಿಂತಿರಬೇಕು, ಇಲ್ಲವೇ ಬೋರಿನಿಂದ ಮೇಲೆ ಬರಬೇಕು. ತಾನಾಗಿ ಓಡಿಬಂದು ಮೈಮೇಲೆ ಬೀಳುವ ನೀರಿನ ಅಭ್ಯಾಸ ನಮಗಿಲ್ಲ. ಎರಡನೆಯ ದಿನ ಮಧ್ಯಾಹ್ನ ಊಟವಾದ ಮೇಲೆ ಡೀಲರುಗಳೆಲ್ಲ ಹೂವಿನ ಚಿತ್ರದ ಚಡ್ಡಿ ಹಾಕಿಕೊಂಡು ಹೋಟೆಲಿನ ಹಿಂದಿನ ಕಡಲಿಗೆ ನುಗ್ಗಿದರು. ಭಾವ ಪಂಚೆ ಮೇಲೆತ್ತಿ ಕಟ್ಟಿ, ಬನಿಯನ್ನು ತೆಗೆಯದೆ, ಹರಕೆ ತೀರಿಸುವವರಂತೆ ಸೊಂಟದ ಮಟ್ಟಕ್ಕೆ ಹೋಗಿ ನಿಂತರು. ನಾನು ಪಕ್ಕದಲ್ಲಿದ್ದೆ. ಚೆನ್ನಾಗಿತ್ತು. ನೀರು ಬೆಚ್ಚಗಿತ್ತು.

ಅಷ್ಟರಲ್ಲಿ ಒಂದು ಮೋಟಾರು ದೋಣಿ, ಅದರ ಹಿಂದೆ ಬಾಳೆಹಣ್ಣಿನ ಆಕಾರದ ರಬ್ಬರ್ ತೆಪ್ಪ, ಅದರ ಮೇಲೆ ಕಿರುಚುವ ಆರೆಂಟು ಜನ ಹತ್ತಿರದಲ್ಲೇ ಹಾದು ಹೋದರು. ಅದೆಬ್ಬಿಸಿದ ಅಲೆ ಬಂದು ನಮ್ಮಿಬ್ಬರನ್ನೂ ಉರುಳಿಸಿತು. ನಾನು ಉಪ್ಪುನೀರು ಕುಡಿದು ಎದ್ದೆ. ಭಾವನನ್ನು ರಟ್ಟೆ ಹಿಡಿದು ಎಬ್ಬಿಸಿದೆ. ಅವರು ಎದೆ ಮುಟ್ಟಿಕೊಂಡರು. ಕೊರಳು ತಡಕಿದರು. ಮತ್ತೆ ನೀರಿನೊಳಗೆ ಬಗ್ಗಿದರು. ಹತ್ತಾರು ಸಲ ಬಗ್ಗಿ ಎದ್ದು, ಕೊನೆಗೆ ನೆಟ್ಟಗೆ ನಿಂತು, "ಹೋಯ್ತು" ಎಂದರು.

ಏನು ಹೋಯಿತು ಎಂದು ಕೇಳಬೇಕಾಗಿರಲಿಲ್ಲ. ಕತ್ತಲಾಗುವವರೆಗೆ ಕಾಲಿನಲ್ಲಿ ಮರಳು ತಡಕಿದೆವು. ಭಾವ ಕೋಣೆಗೆ ಬಂದು ಗೋಡೆಯ ಕಡೆ ತಿರುಗಿ ಮಲಗಿದರು. ರಾತ್ರಿ ಊಟಕ್ಕೆ ಏಳಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ಬಂದು, ಅಭ್ಯಾಸಬಲದಿಂದ ಎಡಗೈ ಚಾಚಿ ಕುಳಿತು, ಬರಿಗೈಯನ್ನು ನೋಡಿ ಮಡಚಿಕೊಂಡರು. ತಿಂಡಿ ಬೇಡ, ಮಾತ್ರೆಯೂ ಬೇಡ ಎಂದರು. ಊರಿಗೆ ಹೋದ ಮೇಲೆ ಮಠದ ಅಯ್ಯನವರಿಂದ ಬೇರೆ ಲಿಂಗ ಕಟ್ಟಿಸಿಕೊಳ್ಳಬಹುದಲ್ಲ ಎಂದೆ. ಅಲ್ಲಿಯವರೆಗೆ ಉಪವಾಸ ಎಂದರು. ಕಾಲು ಹಿಡಿದುಕೊಂಡ ಮೇಲೆ ಒಂದು ಲೋಟ ನೀರು ಕುಡಿಯಲು ಒಪ್ಪಿದರು. ಊರಿಗೆ ವಿಮಾನ ಇನ್ನೂ ಮೂರು ದಿನಕ್ಕಿತ್ತು. ಶುಗರ್ ಇರುವ ಮನುಷ್ಯ, ಅಲ್ಲಿಯವರೆಗೆ ಹಸಿದಿದ್ದರೆ ಏನು ಗತಿ? ಗಿರಿಜಳ ಫೋನು ಬಂತು. ಅಣ್ಣ ತಿಂಡಿ ತಿಂದರಾ ಎಂದು ಕೇಳಿದಳು. ಎರಡು ದೋಸೆ ತಿಂದರು ಎಂದೆ. ಚಟ್ನಿ ಏನಿತ್ತು ಎಂದಳು. ಅದನ್ನೂ ಹೇಳಿದೆ.

ಜಾರ್ಜ್‌ಟೌನಿನ ಅಂಗಡಿ

ಕೌಂಟರಿನ ಹುಡುಗಿಗೆ ವಿಷಯ ತಿಳಿಸಿದೆ. ಇಲ್ಲಿ ವಾರಕ್ಕೊಬ್ಬರು ಉಂಗುರ ಕಳೆದುಕೊಳ್ಳುತ್ತಾರೆ, ನೀರಿನೊಳಗೆ ಲೋಹ ಹುಡುಕುವ ಯಂತ್ರ ಸಿಗುತ್ತದೆ, ಹೋಗಿ ತನ್ನಿ ಲಾ ಎಂದು ಜಾರ್ಜ್‌ಟೌನ್ ಪಟ್ಟಣದ ಒಂದು ಅಂಗಡಿಯ ವಿಳಾಸ ಬರೆದುಕೊಟ್ಟಳು. ಭಾವನನ್ನು ಕೋಣೆಯಲ್ಲಿ ಮಲಗಿಸಿ ಬಸ್ಸು ಹತ್ತಿದೆ.

ಅಂಗಡಿಯವರ ಹೆಸರು ಮುತ್ತು. ತಮಿಳರು, ಹೊಟ್ಟೆ ದೊಡ್ಡದು, ಗಂಟಲು ಅದಕ್ಕಿಂತ ದೊಡ್ಡದು. ನನಗೆ ಧೈರ್ಯ ಬಂತು, ಯಾಕೆಂದರೆ ನನಗೆ ತಮಿಳು ಬರುತ್ತದೆ. ಆದರೆ ಅದು ಬೆಂಗಳೂರಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ಕಲಿತ ತಮಿಳು. ಅದರಲ್ಲಿ ಚೌಕಾಸಿ ಮಾಡಬಹುದು, ಬೈಯಬಹುದು. ದುಃಖ ಹೇಳಿಕೊಳ್ಳಲು ಬರುವುದಿಲ್ಲ. ನಮ್ಮ ಭಾವನ ಬೆಳ್ಳಿಕಾಯಿ ಕಡಲಿನಲ್ಲಿ ಹೋಯಿತು ಎನ್ನುವುದಕ್ಕೆ "ವೆಳ್ಳಿಕ್ಕಾಯ್ ಪೋಚ್ಚು" ಎಂದೆ. ತಮಿಳಿನಲ್ಲಿ ವೆಳ್ಳರಿಕ್ಕಾಯ್ ಎಂದರೆ ಸೌತೆಕಾಯಿ. ಮುತ್ತು ನನ್ನನ್ನು ಬಹಳ ಕನಿಕರದಿಂದ ನೋಡಿ, ಪಕ್ಕದ ಬೀದಿಯಲ್ಲಿ ತರಕಾರಿ ಮಾರ್ಕೆಟ್ ಇದೆ ಎಂದರು. ಆ ಸೌತೆಕಾಯಿಗಾಗಿ ಒಬ್ಬರು ಊಟ ಬಿಟ್ಟು ಮಲಗಿದ್ದಾರೆ ಎಂದಾಗ ಕನಿಕರ ಇನ್ನೂ ಹೆಚ್ಚಿತು. ಕೊನೆಗೆ ಕಾಗದದ ಮೇಲೆ ಚಿತ್ರ ಬರೆದು, ಕೊರಳಿಗೆ ದಾರ ಎಳೆದು, ಕೈಮುಗಿದು ತೋರಿಸಿದ ಮೇಲೆ ಅವರಿಗೆ ಅರ್ಥವಾಯಿತು. ಬೆಂಚು ಎಳೆದು ಕೂರಿಸಿದರು.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ನನಗೆ ಗುರುತು ಸಿಕ್ಕವು. ಒಣಮರಳಾ, ಒದ್ದೆಮರಳಾ, ನೀರಿನ ಒಳಗಾ? ಎಷ್ಟು ಆಳ? ಯಾವ ಲೋಹ? ನನ್ನ ಅಂಗಡಿಗೆ ಪಂಪು ಕೊಳ್ಳಲು ಬರುವವರನ್ನು ನಾನು ಕೇಳುವುದೂ ಹೀಗೆಯೇ: ಬೋರು ಎಷ್ಟಡಿ, ನೀರು ಎಷ್ಟಿಂಚು, ಕರೆಂಟು ಎಷ್ಟು ಹೊತ್ತು. ಅವರು ಗೊತ್ತಿಲ್ಲ ಎನ್ನುತ್ತಾರೆ, ನಾನು ದೊಡ್ಡ ಮೋಟಾರನ್ನೇ ಕೊಡುತ್ತೇನೆ. ಈಗ ಬೆಂಚಿನ ಈ ಕಡೆ ಕುಳಿತ ಮೇಲೆ, ಇದೊಂದು ಸಲವಾದರೂ ಸರಿಯಾಗಿ ಉತ್ತರ ಹೇಳಿ ಸರಿಯಾದ ಯಂತ್ರವನ್ನು ಆರಿಸಬೇಕು ಎಂದು ತೀರ್ಮಾನಿಸಿದೆ. ನೀರಿನ ಒಳಗೆ ಎಂದೆ. ಸೊಂಟದ ಮಟ್ಟ ಎಂದೆ. ಲೋಹ ಯಾವುದು ಎಂದದ್ದಕ್ಕೆ, ಬೆಳ್ಳಿ ಎಂದೆ. ಗಟ್ಟಿ ಬೆಳ್ಳಿ, ಹಳೆಯ ಕಾಲದ್ದು ಎಂದು ಸೇರಿಸಿದೆ.

ಮುತ್ತು ಒಂದು ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ನೀರು ತರಿಸಿ, ಎರಡು ಹಿಡಿ ಉಪ್ಪು ಕದಡಿದರು. ಮೊದಲ ಯಂತ್ರ ಹಗುರ, ಅಗ್ಗದ್ದು. ಉದ್ದ ಕೋಲು, ತುದಿಯಲ್ಲಿ ತಟ್ಟೆ, ಹಿಡಿಯ ಹತ್ತಿರ ಒಂದು ಪೆಟ್ಟಿಗೆ. ತಟ್ಟೆಯನ್ನು ಬೇಸಿನ್ನಿನ ಮೇಲೆ ಹಿಡಿದದ್ದೇ ತಡ, ಒಳಗೇನೂ ಇಲ್ಲದಿದ್ದರೂ ಅದು ಕೂಗಲು ಶುರು ಮಾಡಿತು. ಉಪ್ಪುನೀರಿನಲ್ಲಿ ವಿದ್ಯುತ್ತು ಹರಿಯುತ್ತದಾದ್ದರಿಂದ ಅದರ ಲೆಕ್ಕದಲ್ಲಿ ಕಡಲೆಲ್ಲ ಒಂದೇ ಲೋಹವಂತೆ. ಜೊತೆಗೆ ತಟ್ಟೆ ನೆನೆದರೆ ಪರವಾಗಿಲ್ಲ, ಪೆಟ್ಟಿಗೆ ನೆನೆದರೆ ಕೆಲಸ ಮುಗಿಯಿತು. ಇದು ಹೊಲ, ಗದ್ದೆ, ಪಾರ್ಕುಗಳಿಗೆ ಎಂದು ಪಕ್ಕಕ್ಕಿಟ್ಟರು.

ಎರಡನೆಯದು ಭಾರದ್ದು. ಉಪ್ಪುನೀರಿನ ಮೇಲೆ ಹಿಡಿದರೂ ಸುಮ್ಮನಿತ್ತು. ಮುತ್ತು ಒಂದು ಮೊಳೆ ಹಾಕಿದರು, ಕೂಗಿತು. ತಮ್ಮ ಉಂಗುರ ಹಾಕಿದರು, ಅದೇ ದನಿಯಲ್ಲಿ ಕೂಗಿತು. ಇದು ಆಳದಲ್ಲಿ ಇರುವುದನ್ನೂ ಹಿಡಿಯುತ್ತದೆ, ಆದರೆ ಮೊಳೆಗೂ ಚಿನ್ನಕ್ಕೂ ಭೇದ ಮಾಡುವುದಿಲ್ಲ, ಕೂಗಿದ ಕಡೆಯೆಲ್ಲ ತೋಡಬೇಕು. ಇಂಥ ಸಮದರ್ಶಿ ನಮ್ಮ ಮಠಗಳಿಗೆ ಬೇಕು, ನನಗಲ್ಲ ಎಂದುಕೊಂಡೆ. ನನಗಿದ್ದದ್ದು ಮೂರೇ ದಿನ.

ಮೂರನೆಯದನ್ನು ಮುತ್ತು ಒಳಗಿನಿಂದ ಬಟ್ಟೆ ಸುತ್ತಿ ತಂದರು. ಅದು ಏಕಕಾಲಕ್ಕೆ ಹಲವು ಬಗೆಯ ಅಲೆ ಬಿಡುತ್ತದಂತೆ. ಉಪ್ಪಿನ ಗದ್ದಲವನ್ನು ಬೇರೆ ಮಾಡಿ, ಲೋಹದ ಮಾತನ್ನು ಮಾತ್ರ ಕೇಳಿಸುತ್ತದೆ. ಪೂರ್ತಿ ನೀರಿನಲ್ಲಿ ಮುಳುಗಿಸಬಹುದು. ಯಾವ ಲೋಹ ಎಂಬುದಕ್ಕೆ ಪರದೆಯ ಮೇಲೆ ಒಂದು ಅಂಕಿ ಬರುತ್ತದೆ. ಬೇಡದ ಅಂಕಿಗಳ ಬಾಯಿ ಮುಚ್ಚಿಸಲೂಬಹುದು. ಚಿನ್ನ ಹುಡುಕುವವರು ಇದರಲ್ಲೇ ಕೆಡುತ್ತಾರೆ ಎಂದರು ಮುತ್ತು. ಸಿಗರೇಟು ಪ್ಯಾಕಿನ ತಗಡು, ಡಬ್ಬಿಯ ಉಂಗುರ, ಸಣ್ಣ ಚಿನ್ನ, ಮೂರೂ ಹತ್ತಿರ ಹತ್ತಿರದ ಅಂಕಿ. ಕಸದ ಸದ್ದು ಬೇಡವೆಂದು ಬಾಯಿ ಮುಚ್ಚಿಸಿದರೆ ಚಿನ್ನವೂ ಬಾಯಿ ಮುಚ್ಚಿಕೊಳ್ಳುತ್ತದೆ. ಬೆಳ್ಳಿ ಹಾಗಲ್ಲ, ಅದು ಮೇಲಿನ ಅಂಕಿಯಲ್ಲಿ ಕೂರುತ್ತದೆ, ಅದಕ್ಕೆ ಅಲ್ಲಿ ತಾಮ್ರ ಬಿಟ್ಟರೆ ಜೊತೆಯಿಲ್ಲ. ಬೆಳ್ಳಿ ಒಂದಕ್ಕೇ ಮಾತಾಡುವ ಹಾಗೆ ಇಟ್ಟುಕೊಡಲಾ ಎಂದು ಕೇಳಿದರು. ಇಟ್ಟುಕೊಡಿ ಎಂದೆ.

ಉದ್ದ ಹಿಡಿಯ, ತಳಕ್ಕೆ ತೂತುಗಳಿರುವ ಸ್ಟೀಲ್ ಮೊರವೊಂದನ್ನೂ, ನೀರಿಗೆ ಹೆದರದ ಹೆಡ್‌ಫೋನನ್ನೂ ಜೊತೆಗೆ ಕೊಟ್ಟರು. ಬೆಲೆ ಬರೆಯುವುದಿಲ್ಲ, ಗಿರಿಜ ಇದನ್ನು ಓದುತ್ತಾಳೆ. ಒಂದು ಮಾತು ಮಾತ್ರ ಹೇಳಬೇಕು. ಜೀವನದಲ್ಲಿ ನಾನು ಯಾವ ವಸ್ತುವನ್ನೂ ಇಷ್ಟು ಬುದ್ಧಿವಂತಿಕೆಯಿಂದ ಆರಿಸಿರಲಿಲ್ಲ. ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು, ಕೆಲಸ ಆಗೇಹೋಯಿತು ಎನ್ನುವಷ್ಟು ಹಗುರವಾಗಿ ಕುಳಿತಿದ್ದೆ.

ಬೆಳ್ಳಿಗೆ ಮಾತ್ರ ಮಾತಾಡುವ ಯಂತ್ರ

ನಮ್ಮ ಕಡೆ ಬೋರಿಗೆ ಜಾಗ ನೋಡುವವರು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲಿ ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರು. ನಾನು ಅವರನ್ನು ನೋಡಿ ಒಳಗೊಳಗೇ ನಕ್ಕವನು. ಈಗ ನಾನೇ ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಸೊಂಟದವರೆಗೆ ನೀರಲ್ಲಿ ನಿಂತು, ಕಣ್ಣು ಅರ್ಧ ಮುಚ್ಚಿ, ತಟ್ಟೆಯನ್ನು ಅತ್ತಿಂದಿತ್ತ ಸವರುತ್ತ ಹೋದೆ. ಅಲೆ ಬಂದಾಗ ಕೋಲು ಒಂದು ಕಡೆ, ನಾನೊಂದು ಕಡೆ. ತೋಡಿದ ಗುಂಡಿಯನ್ನು ನೀರು ಆಗಲೇ ಮುಚ್ಚಿರುತ್ತಿತ್ತು.

ಯಂತ್ರ ಮಾತ್ರ ಮಾತಾಡಲೊಲ್ಲದು. ಭಾವ ಕೋಣೆಯಲ್ಲಿ ಮೌನ, ಇದು ಕಡಲಲ್ಲಿ ಮೌನ. ದಡ ತುಂಬ ಡೀಲರುಗಳು ಸೇರಿದರು. ಚಿನ್ನ ಸಿಕ್ಕಿತಾ ಎಂದು ಕನಕಪುರದವರೊಬ್ಬರು ಕೂಗಿ ಕೇಳಿದರು. ಇದು ಬೋರಿಗೆ ಪಾಯಿಂಟ್ ತೋರಿಸುತ್ತದಾ ಎಂದು ಇನ್ನೊಬ್ಬರು ಕೇಳಿದರು. ಸಂಜೆ ಕಡೆಗೆ ಮೂರು ಸಲ ಗಟ್ಟಿಯಾಗಿ ಸದ್ದಾಯಿತು. ಪ್ರತಿ ಸಲವೂ ಮೊರದಲ್ಲಿ ಮರಳು ಮೊಗೆದೆ. ಸಿಕ್ಕಿದ್ದು ಎರಡು ತಾಮ್ರದ ನಾಣ್ಯ ಮತ್ತು ಹೋಟೆಲಿನ ಹೆಸರು ಕೆತ್ತಿದ, ಬೆಳ್ಳಿ ಲೇಪದ ಒಂದು ಚಮಚ. ಚಮಚವನ್ನು ಕೌಂಟರಿಗೆ ಕೊಟ್ಟೆ. ಆ ಹುಡುಗಿ ನನ್ನನ್ನೇ ಅನುಮಾನದಿಂದ ನೋಡಿದಳು.

ರಾತ್ರಿ ಭಾವನಿಗೆ ತಲೆಸುತ್ತು ಬಂತು. ಗ್ಲೂಕೋಸ್ ಕಲಸಿ ಮುಂದಿಟ್ಟೆ, ಮುಟ್ಟಲಿಲ್ಲ. ಹಠ ಎಂದು ನನಗೆ ಸಿಟ್ಟು ಬಂತು. ಆಮೇಲೆ, ಇದು ಹಠವಲ್ಲ, ಇವರಿಗೆ ಹೀಗಲ್ಲದೆ ಬೇರೆ ಬದುಕು ಗೊತ್ತೇ ಇಲ್ಲ ಎನಿಸಿ ಹೆದರಿಕೆಯಾಯಿತು. ನಾಳೆ ಹೀಗೇ ಆದರೆ ಆಸ್ಪತ್ರೆಗೆ ಎತ್ತಿ ಹಾಕುವುದೇ ಸರಿ, ಗಿರಿಜಳಿಗೆ ಹೇಳಿಬಿಡುವುದೇ ಸರಿ ಎಂದುಕೊಂಡೆ.

ಬೆಳಕಾದ ಕೂಡಲೇ ಮತ್ತೆ ನೀರಿಗಿಳಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ ಭಾವ ಸ್ನಾನ ಮುಗಿಸಿ, ಕಾಂಪೌಂಡಿನ ಗೋಡೆ ಹಿಡಿದುಕೊಂಡು ದಡದವರೆಗೆ ಬಂದು, ಮರಳಿನ ಮೇಲೆ ಕುಳಿತಿದ್ದಾರೆ. ಓಡಿ ಹೋದೆ. ಅವರು ನನ್ನ ಕೈಯಲ್ಲಿದ್ದ ಕೋಲನ್ನು ಮೇಲಿಂದ ಕೆಳಗೆ ನೋಡಿದರು. ಗೋಡೆಯ ಕಡೆ ತಿರುಗಿಯೇ ಮಲಗಿದ್ದ ಅವರು ಅಲ್ಲಿಯವರೆಗೆ ಅದನ್ನು ಕಂಡಿರಲಿಲ್ಲ.

"ಇದೇನು ಮಾಡ್ತದೆ?"

"ಲೋಹ ಇರೋ ತಾವ ಕೂಗ್ತದೆ ಭಾವ. ಬೆಳ್ಳಿಗೇ ಅಂತ ಹೇಳಿ ತಂದಿದ್ದೀನಿ."

ಭಾವ ಕಡಲನ್ನು ನೋಡಿದರು. ಯಂತ್ರವನ್ನು ನೋಡಿದರು. ನನ್ನನ್ನು ನೋಡಿದರು.

"ನಂದು ಮರದ್ದು ಕಣಪ್ಪ" ಎಂದರು.

ನನ್ನ ಕಿವಿಯಲ್ಲಿ ಹೆಡ್‌ಫೋನು ಇದ್ದದ್ದರಿಂದ ತಪ್ಪಾಗಿ ಕೇಳಿಸಿತೇನೋ ಎಂದು ಅದನ್ನು ತೆಗೆದೆ. ಭಾವ ಅದನ್ನೇ ಮತ್ತೆ ಹೇಳಿದರು. ಹಾಗಾದರೆ ಬೆಳ್ಳಿಕಾಯಿ ಎಲ್ಲಿ ಎಂದೆ. ಊರಲ್ಲಿ, ಬೀರುವಿನಲ್ಲಿ ಎಂದರು.

"ಏರ್‌ಪೋರ್ಟಲ್ಲಿ ಬೆಳ್ಳಿ ಇದ್ರೆ ಮಿಷಿನ್ ಕೂಗ್ತದೆ, ಬಿಚ್ಚಿ ಚಪ್ಪಲಿ ಇಡೋ ತಟ್ಟೇಲಿ ಇಡು ಅಂತಾರೆ ಅಂದ್ರು. ಲಿಂಗಾನ ಚಪ್ಪಲಿ ಜೊತೆ ಹೆಂಗಪ್ಪಾ ಇಡಾದು? ಅದ್ಕೆ ಚನ್ನಪಟ್ಣದ ಬೊಂಬೆ ಅನ್ವರನ ತಾವ ಹೋಗಿ, ಯಾವ ಮಿಷಿನ್ನಿಗೂ ಸಿಗದಂಗೆ ಒಂದು ಮಾಡ್ಕೊಡಪ್ಪ ಅಂತ ಮಾಡಿಸ್ಕೊಂಡೆ. ಪಾಪ, ಚೆಂದಾಗಿ ಕೆಂಪು ಅರಗು ಬಳಿದು ಕೊಟ್ಟ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀನು ಕೇಳಲೇ ಇಲ್ಲವಲ್ಲ ಎಂದರು. ಕೇಳುವುದು ಹೇಗೆ? ಕೇಳಬಾರದೆಂಬುದೇ ಪದ್ಧತಿ. ಲೋಕದ ಯಾವ ಯಂತ್ರಕ್ಕೂ ಸಿಗಬಾರದೆಂದು ಹೇಳಿ ಮಾಡಿಸಿದ ವಸ್ತುವನ್ನು, ಲೋಕದ ಯಂತ್ರಗಳಲ್ಲೆಲ್ಲ ಒಳ್ಳೆಯದನ್ನು ಆರಿಸಿ ತಂದು ನಾನು ನಿನ್ನೆಯಿಂದ ಹುಡುಕುತ್ತಿದ್ದೆ. ನಗಬೇಕೋ ಅಳಬೇಕೋ ತಿಳಿಯದೆ ಮರಳಿನ ಮೇಲೆ ಕುಳಿತೆ.

ಭಾವ ಮೆಲ್ಲಗೆ, "ಅಲ್ಲಾ, ಮರ ಮುಳುಗ್ತದಾ ಮಲ್ಲೇಶಪ್ಪ?" ಎಂದರು.

ಮರದ ಕೆಳಗೆ

ಮುಳುಗುವುದಿಲ್ಲ. ಬೊಂಬೆ ಮಾಡುವ ಆಲೆಮರ ಹಗುರ, ಮುಚ್ಚಳ ತಿರುಪಿನದು, ಒಳಗೆ ಪುಟ್ಟ ಲಿಂಗ. ನಾವು ಕಳೆದುಕೊಂಡ ದಿನ ಕಾಲಡಿ ತಡಕುತ್ತಿದ್ದಾಗ ಅದು ನಮ್ಮ ತಲೆಯ ಹಿಂದೆ ಎಲ್ಲೋ ತೇಲಿ ಹೋಗುತ್ತಿದ್ದಿರಬೇಕು. ಯಂತ್ರವನ್ನು ಹೆಗಲಿಗೆ ಹಾಕಿಕೊಂಡು, ಭಾವನ ಕೈ ಹಿಡಿದು, ಅಲೆ ತಂದು ಬಿಟ್ಟ ಕಸದ ಗೆರೆಯನ್ನು ನೋಡುತ್ತ ನಡೆದೆ. ಆದರೆ ಗೆರೆಯಲ್ಲಿ ಕಸವೇ ಇರಲಿಲ್ಲ. ದಡವನ್ನು ಆಗಲೇ ಯಾರೋ ಬಾಚಿ ಅಚ್ಚುಕಟ್ಟು ಮಾಡಿದ್ದರು.

ಬಾಚುತ್ತಿದ್ದವರು ಸ್ವಲ್ಪ ದೂರದಲ್ಲೇ ಸಿಕ್ಕರು. ವಯಸ್ಸಾದ ಚೀನೀ ಹೆಂಗಸು, ತಲೆಗೆ ಬಟ್ಟೆ, ಅದರ ಮೇಲೆ ಟೋಪಿ, ಕೈಯಲ್ಲಿ ಉದ್ದ ಹಲ್ಲಿನ ಕುಂಟೆ. ನನ್ನನ್ನು ಕಂಡು ನಕ್ಕಳು. ನಿನ್ನೆಯೆಲ್ಲ ನನ್ನ ಕುಣಿತವನ್ನು ನೋಡಿದ್ದಳೆಂದು ಕಾಣುತ್ತದೆ. ನಮಗೆ ಅವಳ ಭಾಷೆ ಬಾರದು, ಅವಳಿಗೆ ನಮ್ಮದು ಬಾರದು. ಭಾವ ಮುಂದೆ ಬಂದು, ಬೆರಳುಗಳಿಂದ ಉರುಟಾಗಿ ತೋರಿಸಿ, ಕೊರಳಿನಿಂದ ಎದೆಗೆ ದಾರ ಎಳೆದು, ಎರಡೂ ಕೈ ಜೋಡಿಸಿದರು. ಅವಳ ನಗು ನಿಂತಿತು. ಕುಂಟೆಯನ್ನು ಅಲ್ಲೇ ಮಲಗಿಸಿ, ಬನ್ನಿ ಎಂದು ಸನ್ನೆ ಮಾಡಿದಳು.

ಹೋಟೆಲಿನ ಕಾಂಪೌಂಡಿನಾಚೆ ಒಂದು ದೊಡ್ಡ ಮರ. ಅದರ ಬುಡದಲ್ಲಿ ಕೆಂಪು ಬಳಿದ ಗೂಡಿನಂಥ ಪುಟ್ಟ ಗುಡಿ. ಅಲ್ಲಿಯ ಚೀನೀಯರು ಮರದ ಕೆಳಗೆ ಇಂಥ ಗೂಡು ಕಟ್ಟಿ ಆ ನೆಲದ ಹಿರಿಯನಿಗೆಂದು ದಿನವೂ ಏನಾದರೂ ಇಡುತ್ತಾರೆ ಎಂದು ಆಮೇಲೆ ತಿಳಿಯಿತು. ನಮ್ಮ ಕಬ್ಬಾಳಿನ ದಾರಿಯಲ್ಲಿ ಬೇವಿನ ಮರದ ಕೆಳಗೆ ಇರುವ ಕಲ್ಲುಗಳಿಗೂ ಇದಕ್ಕೂ ಬಣ್ಣದಲ್ಲಷ್ಟೇ ವ್ಯತ್ಯಾಸ. ಒಳಗೆ ಗಂಧದ ಹೊಗೆ, ವೀಳ್ಯದೆಲೆ, ಅಡಿಕೆ ಹೋಳು, ಪುಟ್ಟ ಲೋಟದಲ್ಲಿ ಕಪ್ಪು ಕಾಫಿ, ಎರಡು ಕಿತ್ತಳೆ. ಅವುಗಳ ನಡುವೆ, ಮಡಿಸಿದ ಬಿಳಿ ಬಟ್ಟೆಯ ಮೇಲೆ, ತುಂಡಾದ ದಾರ ಸುತ್ತಿದ ಕೆಂಪು ಕರಡಿಗೆ.

ಭಾವ ನಿಂತಲ್ಲೇ ಕೈಮುಗಿದರು. ಅವರ ಕಣ್ಣಿಂದ ನೀರು ಇಳಿಯಿತು. ನನ್ನದೂ ಇಳಿಯಿತು.

ಆ ಹೆಂಗಸು ಸನ್ನೆಯಲ್ಲೇ ಎಲ್ಲ ಹೇಳಿದಳು. ಮೊನ್ನೆ ಸಂಜೆಯೇ ಅಲೆ ತಂದು ಬಿಟ್ಟಿತ್ತು. ಮುಚ್ಚಿದೆ, ದಾರ ಇದೆ, ಯಾರದೋ ದೇವರು ಎಂದು ಅವಳಿಗೆ ತೋಚಿತು. ತೆರೆದೆಯಾ ಎಂದು ನಾನು ತಿರುಪು ತಿರುವಿದ ಹಾಗೆ ಮಾಡಿ ಕೇಳಿದೆ. ಅವಳು ಕೆನ್ನೆಗೆ ಅಂಗೈ ಆನಿಸಿ, ಒಳಗಿರುವವರು ಮಲಗಿದ್ದಾರೆ, ಎಬ್ಬಿಸಬಾರದು ಎನ್ನುವಂತೆ ತಲೆಯಾಡಿಸಿದಳು.

ಭಾವ ಪಕ್ಕದ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು ಬಂದರು. ಕರಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಮಗೆ ಬೆನ್ನು ಮಾಡಿ ಕುಳಿತರು. ನಾನು ಮುಖ ತಿರುಗಿಸಿದೆ. ಅವಳೂ ಏನನ್ನೋ ತಿಳಿದವಳಂತೆ ಆ ಕಡೆ ತಿರುಗಿದಳು. ತಿರುಪು ಬಿಚ್ಚಿದ ಸದ್ದು ಕೇಳಿಸಿತು. "ಐತೆ" ಎಂದರು ಭಾವ.

ನನ್ನ ಹೆದರಿಕೆ ಇನ್ನೂ ಹೋಗಿರಲಿಲ್ಲ. ಭಾವನನ್ನು ನಾನು ಬಲ್ಲೆ. ಬೇರೆಯವರ ಕೈ ಸೋಕಿದೆ, ಬೇರೆ ದೇವರ ಗೂಡಿನಲ್ಲಿ ಎರಡು ರಾತ್ರಿ ಕಳೆದಿದೆ. ಅಯ್ಯನವರು ಮತ್ತೆ ಸಂಸ್ಕಾರ ಮಾಡಿ ಕಟ್ಟುವವರೆಗೆ ಪೂಜೆಯಿಲ್ಲ, ಊಟವಿಲ್ಲ ಎಂದುಬಿಟ್ಟರೆ? ಅದಕ್ಕೆ ಏನು ಉತ್ತರ ಕೊಡಬೇಕೆಂದು ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ಒಂದೂ ನಿಲ್ಲುವಂತಿರಲಿಲ್ಲ.

ಭಾವ ತಿರುಗಿ ಕುಳಿತರು. ದಾರಕ್ಕೆ ಗಂಟು ಬಿದ್ದು, ಕರಡಿಗೆ ಬನಿಯನ್ನಿನೊಳಗೆ ಸೇರಿತ್ತು. ಗೂಡಿನೊಳಗಿನ ಲೋಟವನ್ನು, ಹಣ್ಣುಗಳನ್ನು ನೋಡುತ್ತ, ದಿನಾ ಇಡುತ್ತಾಳಾ ಕೇಳು ಎಂದರು. ಕೇಳಿದೆ. ಅವಳು ಸೂರ್ಯ ಹುಟ್ಟುವ ಕಡೆ ಒಂದು ಬೆರಳು, ಮುಳುಗುವ ಕಡೆ ಒಂದು ಬೆರಳು ತೋರಿಸಿದಳು. ಎರಡು ಹೊತ್ತು.

ಭಾವ ಒಂದು ಕಿತ್ತಳೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡರು. ಸಿಪ್ಪೆ ಸುಲಿಯತೊಡಗಿದರು.

"ಅದ್ರ ಊಟ ಎರಡು ಹೊತ್ತೂ ಆಗೈತೆ ಕಣಪ್ಪ" ಎಂದರು. "ಉಪಾಸ ಇದ್ದೋನು ನಾನೊಬ್ನೇ."